ಮಾಸ್ತರರ ಸಾದಾ ಪೆಟ್ರೋಲ್ ಶಪಥ

ಆಲಿಸಿರಿ ಮಹಾಜನರೇ! ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ಪೆಟ್ರೋಲಿನ ದರವು ನೂರರ ಗಡಿಯನ್ನು ಲಂಘಿಸಿ ಹಿಂದಿರುಗಿಯೂ ನೋಡದ ಕಾಲದಲ್ಲಿ, ರೋಣದ ಹೊರವಲಯದ ಬಂಕಿಗೆ ಮೃತಪ್ರಾಯವಾದ ಸ್ಕೂಟರನ್ನು ತಳ್ಳುತ್ತ, ಸ್ವೇದಜಲಾಭಿಷಿಕ್ತರಾಗಿ ಬಂದರು ನಿವೃತ್ತ ರಸಾಯನಶಾಸ್ತ್ರಾಧ್ಯಾಪಕ, ಸೀಮೆಸುಣ್ಣಧೂಳಿಧೂಸರ ಚನ್ನವೀರಯ್ಯ ಮಾಸ್ತರರು. ಹತ್ತಕ್ಕೆ ಹಳೆಯ ಶಾಲೆಯಲ್ಲಿ ಅವರಿಗೆ ಸನ್ಮಾನ. ಆಗಲೇ ಒಂಬತ್ತೂಮುಕ್ಕಾಲು.

ಬಂಕಿನಲ್ಲಿ ಪೆಟ್ರೋಲ್ ಹಾಕುವ ನೀಲಮ್ಮ ಅವರ ಹಳೆಯ ವಿದ್ಯಾರ್ಥಿನಿ.

"ಸಾದಾ ಖಾಲಿ ಆಗೇತ್ರಿ ಸರ್. ಟ್ಯಾಂಕರ್ ಇನ್ನೂ ಹುಬ್ಬಳ್ಳಿ ಬಿಟ್ಟಿಲ್ಲಂತ. ಪ್ರೀಮಿಯಂ ಐತಿ, ಲೀಟರಿಗೆ ಎಂಟು ರೂಪಾಯಿ ಜಾಸ್ತಿ."

ಕೆರಳಿದರು ಮಾಸ್ತರರು. ಜೀವಮಾನದಲ್ಲಿ ಪ್ರೀಮಿಯಂ ಮುಟ್ಟೆನೆಂದು ಊರೆದುರು ಶಪಥಗೈದ ಧೀರರವರು!

"ಎಲೈ ನೀಲಮ್ಮಾ! ಪಾತಾಳದ ಕಚ್ಚಾತೈಲವು ಗಗನಚುಂಬಿ ಗೋಪುರದಲ್ಲಿ ಕುದಿದು, ಆವಿಯಾಗಿ ಮೇಲೇರಿ, ಅಂತಸ್ತಿಗೊಂದರಂತೆ ಬೇರ್ಪಡುವುದನ್ನು ಮೂವತ್ತು ವರ್ಷ ಬೋಧಿಸಿದವನು ನಾನು! ಸಾದಾಕ್ಕೆ ಆಕ್ಟೇನ್ ತೊಂಬತ್ತೊಂದು, ಪ್ರೀಮಿಯಂಗೆ ತೊಂಬತ್ತೈದು. ಒಂದೇ ಡಿಪೋ, ಒಂದೇ ಟ್ಯಾಂಕರು, ಅಕ್ಕಪಕ್ಕದ ಖಾನೆಗಳು! ದೊಡ್ಡ ಇಂಜಿನ್ನುಗಳ ಪಾನೀಯವನ್ನು ಈ ವೃದ್ಧ ಸ್ಕೂಟರಿಗೆ ಕುಡಿಸಿ ಎಂಟು ರೂಪಾಯಿ ಕೀಳುವೆಯಾ?"

"ನೀವ ಕಲಿಸೀರಲ್ರಿ ಸರ್, ಗೊತ್ತೈತಿ. ಆದ್ರ ರೇಟು ನಾ ಮಾಡೂದಿಲ್ರಿ. ಹಾಕ್ಲೋ ಬ್ಯಾಡೋ?"

ಹಿಂದಿನ ಸಾಲಿನಿಂದ ಹಾರ್ನುಗಳ ರಣಕಹಳೆ ಮೊಳಗಿತು. ಹತ್ತಕ್ಕೆ ಐದೇ ನಿಮಿಷ. ಒಂದೆಡೆ ಶಪಥ, ಒಂದೆಡೆ ಶಾಲು. ನಿವೃತ್ತರಾಗಿ ಹನ್ನೆರಡು ವರ್ಷಕ್ಕೆ ಇದೇ ಮೊದಲು ಯಾರೋ ಅವರನ್ನು ನೆನೆದಿದ್ದರು. ಮಾಸ್ತರರಿಗೆ ಅಳುವೇ ಬಂದಂತಾಯಿತು.

"ಹಾಕವ್ವ," ಎಂದರು ಸಣ್ಣ ದನಿಯಲ್ಲಿ, "ಅರ್ಧ ಲೀಟರ್."

ನೀಲಮ್ಮ ಮುಚ್ಚಳ ತೆಗೆದು ಒಳಗಿಣುಕಿದಳು.

"ಸರ್, ಟ್ಯಾಂಕು ಕಂಠಮಟ ತುಂಬೇತ್ರಿ!"

ಸೋಮವಾರ ತಾವೇ ಸಾದಾ ತುಂಬಿಸಿದ್ದು ಮಾಸ್ತರರಿಗೆ ಆಗ ನೆನಪಾಯಿತು. ನೀಲಮ್ಮ ಬಗ್ಗಿ ನೋಡಿದಳು.

"ಪೆಟ್ರೋಲ್ ಬಿಡೂ ಕಾಕ್ ಬಂದ್ ಐತಲ್ರಿ!"

ಪಡಸಾಲೆಯಲ್ಲಿ ನಿಲ್ಲಿಸುವ ಸ್ಕೂಟರಿನ ಪೆಟ್ರೋಲ್ ವಾಸನೆ ತಾಳಲಾರದೆ ಮಡದಿ ಗಿರಿಜವ್ವ ನಿನ್ನೆ ಆ ಕಾಕನ್ನು ತಿರುಗಿಸಿ ಮುಚ್ಚಿದ್ದರು. ಬೆಳಿಗ್ಗೆ ಎರಡು ಸಲ ಹೇಳಿಯೂ ಇದ್ದರು. ಪಾತಾಳದಿಂದ ಬಂಕಿನವರೆಗೆ ತೈಲದ ಮಹಾಯಾನವನ್ನು ಹೆಜ್ಜೆಹೆಜ್ಜೆಗೂ ಬಲ್ಲ ಮಾಸ್ತರರಿಗೆ ಟ್ಯಾಂಕಿನಿಂದ ಇಂಜಿನ್ನಿಗಿರುವ ಕೊನೆಯ ಗೇಣು ಮರೆತೇಹೋಗಿತ್ತು.

ನೀಲಮ್ಮ ಕಾಕ್ ತಿರುಗಿಸಿ, ಸ್ಕೂಟರನ್ನು ಬದಿಗೆ ತಳ್ಳಿ ಕಿಕ್ ಹೊಡೆದಳು. ಅದು ಒಮ್ಮೆ ಕೆಮ್ಮಿ ಶುರುವಾಯಿತು.

"ಎಷ್ಟಾತವ್ವ?" ಎಂದರು ಮಾಸ್ತರರು, ತಲೆ ಎತ್ತದೆ.

"ಏನೂ ಇಲ್ರಿ ಸರ್. ಗಾಳಿ ಫ್ರೀ ಐತಿ, ಬೇಕಾದ್ರ ಹಾಕಿಸ್ಕೊಂಡು ಹೋಗ್ರಿ."