ಕೊಲಿಸಿಸ್ಟೆಕ್ಟಮಿಯ ಕತ್ತರಿ ಕೆಲಸ

ಒಂದು ಸಂಸಾರದ ಭವಿಷ್ಯವೆಲ್ಲ ಗಂಡನ ನಾಲಿಗೆಯ ತುದಿಗೆ ಬಂದು ಜೋತುಬಿದ್ದ ಪ್ರಸಂಗಗಳು ಲೋಕದಲ್ಲಿ ವಿರಳ. ಟೈಲರನಿಗೆ ಅಂಥದ್ದೊಂದು ಆ ದಿನ ಬೆಳಗ್ಗೆ, ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಒದಗಿತು.

ಹೆಂಡತಿಗೆ ಮಾರನೆಯ ದಿನ ಆಪರೇಷನ್. ಅದರ ಹೆಸರು ಕೊಲಿಸಿಸ್ಟೆಕ್ಟಮಿ ಎಂದಷ್ಟೇ ಹೇಳಿ ಡಾಕ್ಟರು ಮುಂದಿನ ಹಾಸಿಗೆಗೆ ಹೋದರು. ಟೈಲರನ ಮುಖ ಒಗೆದು ಹಿಂಡಿದ ಲೈನಿಂಗ್ ಬಟ್ಟೆಯಂತಾಯಿತು. ಹೆಂಡತಿ ಮಾತ್ರ ದಿಂಬಿಗೆ ಒರಗಿಕೊಂಡು ಷರತ್ತು ಹಾಕಿದಳು.

"ನೋಡಿ, ಆ ಹೆಸರನ್ನ ನೀವು ತೊದಲದೆ ಹೇಳ್ಬೇಕು. ಬಿಡಿಸಿ ಅರ್ಥಾನೂ ಹೇಳ್ಬೇಕು. ಸಾಯಂಕಾಲದೊಳಗೆ. ಇಲ್ದಿದ್ರೆ ನಾನು ಒಪ್ಪಲ್ಲ, ಮನೆಗೆ ನಡೀತೀನಿ."

ಟೈಲರ್ ಮೊದಲು ಎದುರಿನ ಔಷಧದಂಗಡಿಗೆ ಓಡಿದ. ಪದ ಅರ್ಧ ಹೊರಬರುವಷ್ಟರಲ್ಲಿ ಅಂಗಡಿಯವನು ಗಂಟಲು ಕೆಟ್ಟಿದೆಯೆಂದು ತೀರ್ಮಾನಿಸಿ, ಕೆಮ್ಮಿನ ಸಿರಪ್ಪು ಕುಡಿಸಿ ಕಳಿಸಿದ. ಆಮೇಲೆ ಸಿಕ್ಕಿದವರು ಪಕ್ಕದ ಹಾಸಿಗೆಯಾಕೆಯ ಅಣ್ಣ, ನಿವೃತ್ತ ಮೇಷ್ಟ್ರು. ಪಾಠ ಹೇಳಲು ಯಾರೂ ಸಿಗದೆ ವರ್ಷಗಳಿಂದ ಸೊರಗಿದ್ದವರು. ಇದು ಗ್ರೀಕ್ ಮಾತು, ಇಡಿಯಾಗಿ ನುಂಗಬಾರದು, ಬಟ್ಟೆಯಂತೆ ಗೆರೆ ಎಳೆದು ಕತ್ತರಿಸಬೇಕು ಎನ್ನುತ್ತಾ ಅವನನ್ನು ಕಾರಿಡಾರಿನ ಗೋಡೆಗೆ ನಿಲ್ಲಿಸಿದರು.

"ಕೊಲಿ, ಪಿತ್ತ. ಸಿಸ್ಟ್, ಚೀಲ. ಎಕ್ಟಮಿ, ಕತ್ತರಿಸಿ ತೆಗೆಯೋದು. ಹೇಳು ಮರಿ."

ಮರಿ ಹೇಳಿತು. ಬೇಸತ್ತು ಕೂತಿದ್ದ ರೋಗಿಗಳ ನೆಂಟರಿಷ್ಟರೂ ದನಿಗೂಡಿಸಿದರು. ಒಬ್ಬ ಮುಷ್ಟಿಯೆತ್ತಿ ತಾಳ ಹಾಕಿದ. ಓಡಿಬಂದ ಕಾವಲುಗಾರ ಇದು ಮುಷ್ಕರವೇ ಸರಿ ಎಂದುಕೊಂಡು, ಮುಂದಾಳಿನಂತೆ ಕಂಡ ಟೈಲರನ ರಟ್ಟೆ ಹಿಡಿದು ಗೇಟಿನಾಚೆ ಬಿಟ್ಟುಬಂದ.

ಸಂಜೆ ಗೇಟು ತೆರೆಯುವವರೆಗೂ ಅವನು ಬೀದಿಯಲ್ಲಿ ಅದನ್ನೇ ಜಪಿಸುತ್ತಾ ಓಡಾಡಿದ. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಮಗುವನ್ನು ಆಚೆ ಪಕ್ಕಕ್ಕೆ ಎಳೆದುಕೊಂಡಳು.

ಕೊನೆಗೆ ಹಾಸಿಗೆಯ ಬಳಿ ನಿಂತು ಒಂದೇ ಉಸಿರಿಗೆ ಒಪ್ಪಿಸಿದ. ಬಿಡಿಸಿಯೂ ಹೇಳಿದ. ಒಂದು ಹೊಲಿಗೆಯೂ ತಪ್ಪಲಿಲ್ಲ. ಹೆಂಡತಿ ಅವನ ಹಣೆಯ ಬೆವರನ್ನು ಅಂಗೈಯಿಂದ ಒರೆಸಿದಳು.

ಜ್ವರ ನೋಡಲು ಬಂದ ನರ್ಸು ನಕ್ಕುಬಿಟ್ಟಳು. ಪಿತ್ತದ ಚೀಲದಲ್ಲಿ ಕಲ್ಲಿದೆ, ಚೀಲವನ್ನೇ ತೆಗೆಯುತ್ತಾರೆ ಎಂದು ಈಯಮ್ಮನಿಗೆ ತಾನು ನಿನ್ನೆಯೇ ವಿವರಿಸಿದ್ದೆ, ಇವರು ಆಗಲೇ ಒಪ್ಪಿಯೂ ಆಗಿತ್ತಲ್ಲ ಎಂದಳು.

ಟೈಲರ್ ಹೆಂಡತಿಯ ಮುಖ ನೋಡಿದ.

"ಮತ್ತೇನ್ಮಾಡ್ಲಿ? ನೀವು ದಿನವಿಡೀ ಇಲ್ಲೇ ಕೂತು ಕಣ್ಣೊರಸ್ಕೊಳ್ತಾ ಇದ್ರೆ ನಂಗೆ ಧೈರ್ಯ ಬರೋದು ಹೇಗೆ?"

ಅವಳು ಸ್ವಲ್ಪ ಹೊತ್ತು ಅವನ ಕೈ ಹಿಡಿದುಕೊಂಡೇ ಇದ್ದಳು. ಆಮೇಲೆ ಎದುರು ಬಾಗಿಲ ಮೇಲಿನ ಫಲಕ ತೋರಿಸಿದಳು.

"ನಾಳೆ ನಾನು ಒಳಗಿರೋವಾಗ ಅದನ್ನ ಕಲೀರಿ. ಎಚ್ಚರ ಆದ್ಮೇಲೆ ಕೇಳ್ತೀನಿ."

ಅಲ್ಲಿ ಗ್ಯಾಸ್ಟ್ರೋಎಂಟರಾಲಜಿ ಎಂದಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಅವಳಿಗೆ ಎಚ್ಚರವಾದಾಗ ಟೈಲರ್ ಇನ್ನೂ 'ಗ್ಯಾಸ್ಟ್ರೋ'ದಲ್ಲೇ ಇದ್ದ.