ಹಿಂದಿನಿಂದ ಕರೆಯಬಾರದು

ಮಂಡಿ ನೋಡುವ ಕೆಲಸದಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಕ್ಕ ಮೇಲೂ ಒಳಗೆ ಚುಚ್ಚುತ್ತಲೇ ಇರುವುದು ಮಾತ್ರ ಒಬ್ಬನೇ ರೋಗಿಯ ವಿಷಯ. ನಾನು ಹಿಂದೆಂದೂ ಬರೆದವನಲ್ಲ, ಅದಕ್ಕೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಫಿಸಿಯೋಥೆರಪಿಸ್ಟ್. ಊರು ಮೈಸೂರು. ಇದು 2010ರ ದಶಕದ ಟೆಕ್ಸಸ್‌ನ ಮಾತು. ಆ ರೋಗಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ರನ್ನಿಂಗ್ ಬ್ಯಾಕ್. ಅಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಮುಂದಕ್ಕೆ ನುಗ್ಗುವವನು. ಎದುರು ತಂಡದ ಹನ್ನೊಂದು ಜನ ಅವನನ್ನು ಹಿಡಿದು ಕೆಡವಬೇಕು. ಕಬಡ್ಡಿಯಲ್ಲಿ ದಾಳಿಗೆ ಹೋಗುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಇಲ್ಲಿ ಹಿಡಿಯುವವರು ಒಬ್ಬೊಬ್ಬರೂ ಫ್ರಿಜ್ಜಿನ ಗಾತ್ರ.

೧. ಪೊದೆ

ಅವನನ್ನು ಮೊದಲು ಕಂಡಿದ್ದು ಆಸ್ಟಿನ್‌ನ ಕ್ಲಿನಿಕ್ಕಿನಲ್ಲಿ. ಕಾಲೇಜು ಮುಗಿಸಿ, ವೃತ್ತಿಪರ ಆಟಕ್ಕೆ ಡಲ್ಲಾಸ್‌ಗೆ ಹೊರಟಿದ್ದ. ಎಡ ಮಂಡಿ ಸ್ವಲ್ಪ ತಕರಾರು. ಮೊದಲ ದಿನವೇ ಮಂಡಿಯ ಪಟ್ಟಿಯನ್ನು ಮರೆತು ಎದ್ದು ಹೋದ.

ನಮ್ಮ ಮನೆಯಲ್ಲಿ ಹೊರಟವರನ್ನು ಹಿಂದಿನಿಂದ ಕರೆಯುವ ಹಾಗಿಲ್ಲ. ಕರೆದರೆ ಹೋದ ಕೆಲಸ ಆಗುವುದಿಲ್ಲ ಎಂದು ಅಜ್ಜಿ ಹೇಳಿಕೊಟ್ಟಿದ್ದು. ಹಾಗಾಗಿ ನಾನು ಪಟ್ಟಿ ಹಿಡಿದು ಹಿಂಬಾಗಿಲಿನಿಂದ ಓಡಿ, ಕಟ್ಟಡ ಸುತ್ತಿ, ಪಾರ್ಕಿಂಗ್ ಲಾಟಿನಲ್ಲಿ ಅವನ ಎದುರಿಗೆ ಬಂದೆ. ಎದುರಿನಿಂದ ಕೈ ಚಾಚಿಕೊಂಡು ಓಡಿಬರುವವರಿಂದ ತಪ್ಪಿಸಿಕೊಳ್ಳುವುದೇ ಅವನ ಕಸುಬು. ಸರಕ್ಕನೆ ಎಡಕ್ಕೆ ತಿರುಗಿದ. ನಾನು ನೇರವಾಗಿ ಪೊದೆಯೊಳಗೆ ಹೋದೆ.

"ಡಾಕ್, ಹೆಸರು ಹಿಡಿದು ಕೂಗಬಾರದಿತ್ತಾ?" ಅಂದ. ನಾನು ಡಾಕ್ಟರ್ ಅಲ್ಲ, ಎಷ್ಟು ಸಲ ಹೇಳಿದರೂ ಹಾಗೇ ಕರೆಯುತ್ತಿದ್ದ. ಪೊದೆಯಲ್ಲಿ ಮಲಗಿಕೊಂಡೇ ಅಜ್ಜಿಯ ವಿಚಾರ ವಿವರಿಸಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು ಕೈಕೊಟ್ಟು ಎಬ್ಬಿಸಿದ.

"ನನ್ನನ್ನ ಹಿಡಿಯೋರೆಲ್ಲ ನಿಮ್ಮ ಥರ ಇದ್ದಿದ್ರೆ ನಾನು ನೂರು ವರ್ಷ ಆಡ್ತಿದ್ದೆ."

೨. ಪಲ್ಯ

ಅದೇ ವರ್ಷ ನಮ್ಮ ಕ್ಲಿನಿಕ್ಕಿನವರು ನನ್ನನ್ನೂ ಡಲ್ಲಾಸ್ ಶಾಖೆಗೆ ಹಾಕಿದರು. ತಂಡಕ್ಕೆ ಅದರದೇ ವೈದ್ಯರಿದ್ದರೂ ಅವನು ತನ್ನ ಪಾಡಿಗೆ ನನ್ನ ಹತ್ತಿರವೂ ಬರುತ್ತಿದ್ದ.

ಒಂದು ಶನಿವಾರ ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಸತ್ಯನಾರಾಯಣ ಪೂಜೆ. ಅಲ್ಲೊಬ್ಬರು ಸಾಫ್ಟ್‌ವೇರ್ ಅಂಕಲ್. ಅವರ ಆಫೀಸಿನಲ್ಲಿ ಫ್ಯಾಂಟಸಿ ಲೀಗ್ ಇತ್ತು. ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಂಪ್ಯೂಟರಿನಲ್ಲಿ ತಂಡ ಕಟ್ಟುವುದು. ಅವರು ಮೈದಾನದಲ್ಲಿ ಓಡಿದರೆ ಇವರಿಗೆ ಸೋಫಾದಲ್ಲಿ ಅಂಕ. ಅಂಕಲ್ ತಂಡದಲ್ಲಿ ನನ್ನ ರೋಗಿಯಿದ್ದ.

"ಮಂಡಿ ಹೇಗಿದೆಯಂತೆ? ನಾಳೆ ಆಡ್ತಾನಾ?"

"ರೋಗಿ ವಿಷಯ ಹೇಳೋ ಹಾಗಿಲ್ಲ ಅಂಕಲ್."

"ಏನೂ ಹೇಳಬೇಡಿ. ಊಟಕ್ಕೆ ಕೂತಾಗ ಪಲ್ಯ ಹಾಕಿಸಿಕೊಂಡ್ರೆ ಆಡ್ತಾನೆ, ಬೇಡ ಅಂದ್ರೆ ಆಡಲ್ಲ. ನಾನು ನೋಡ್ಕೋತೀನಿ."

ಬೇಕೆಂದರೂ ಹೇಳಿದಂತೆ, ಬೇಡವೆಂದರೂ ಹೇಳಿದಂತೆ. ನಾನು ಪಂಕ್ತಿಗೇ ಕೂರದೆ ಅಡುಗೆಮನೆಯಲ್ಲಿ ನಿಂತು ಬರೀ ಮೊಸರನ್ನ ತಿಂದೆ. ಅಂಕಲ್ ಇಣುಕಿ ನೋಡಿ, ಅವನನ್ನು ತಮ್ಮ ತಂಡದಿಂದ ತೆಗೆದುಬಿಟ್ಟರು. ಮಂಡಿ ತಡೆಯಲಾರದು ಎಂದು ನನಗೂ ಒಳಗೊಳಗೇ ಹೆದರಿಕೆಯಿತ್ತು. ಮಾರನೆಯ ದಿನ ಅವನು ಮೂರು ಸಲ ಗೆರೆ ದಾಟಿ ಅಂಕ ಗಳಿಸಿದ.

ಮುಂದಿನ ಪೂಜೆಯಲ್ಲಿ ಅಂಕಲ್ ನನ್ನ ಎಲೆಗೆ ತಾವೇ ಪಲ್ಯ ಸುರಿದರು. "ಏನಿದ್ರೂ ಬಾಯಿ ಬಿಟ್ಟು ಹೇಳೋದು ಕಲೀರಿ ಮಹರಾಯ್ರೇ!"

೩. ಫೋನ್

ಕಲಿಯಲಿಲ್ಲ. ಮೂರನೆಯ ವರ್ಷ, ಒಂದು ಶುಕ್ರವಾರ, ಮಂಡಿಯ ಒಳಬದಿಯಲ್ಲಿ ಊತ ಕಂಡಿತು. ಎರಡು ವಾರ ಆಡಬಾರದು ಎಂದು ನನ್ನ ಕೈಗೆ ಗೊತ್ತಾಯಿತು. ಆದರೆ ಹೋದ ಸಲದ ನನ್ನ ಹೆದರಿಕೆ ಸುಳ್ಳಾಗಿತ್ತಲ್ಲ, ಹೇಳಲೋ ಬೇಡವೋ ಅಂತ ಅನುಮಾನಿಸುತ್ತ ಕೂತೆ. ಧೈರ್ಯ ಬರುವಷ್ಟರಲ್ಲಿ ಅವನು ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದ್ದ. ಹಿಂಬಾಗಿಲಿಗೆ ಓಡಿದೆ. ಅವತ್ತೇ ಅದಕ್ಕೆ ಬಣ್ಣ ಹೊಡೆದು ಮುಚ್ಚಿದ್ದರು.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಮಾಡಿದೆ.

"ಹೇಳಿ ಡಾಕ್."

ಕಾರಿನಲ್ಲಿ ಹೊರಟವನನ್ನು ಫೋನಿನಲ್ಲಿ ಕರೆದರೆ ಅದೂ ಹಿಂದಿನಿಂದ ಕರೆದಂತಲ್ಲವೇ ಎಂದು ಆ ಕ್ಷಣಕ್ಕೆ ಹೊಳೆಯಿತು. "ಏನಿಲ್ಲ, ಹುಷಾರಾಗಿ ಡ್ರೈವ್ ಮಾಡು" ಅಂದೆ.

ಭಾನುವಾರದ ಆಟದಲ್ಲಿ ಅವನು ಎಡಕ್ಕೆ ತಿರುಗಿದ, ಅವತ್ತು ನನ್ನಿಂದ ತಪ್ಪಿಸಿಕೊಂಡನಲ್ಲ, ಹಾಗೇ. ಯಾರೂ ಮುಟ್ಟಿರಲಿಲ್ಲ. ತಾನಾಗಿಯೇ ಕುಸಿದ. ಆಸ್ಪತ್ರೆಗೆ ನೋಡಲು ಹೋದಾಗ ನನ್ನನ್ನು ಕಂಡು ನಕ್ಕ.

"ಡ್ರೈವ್ ಮಾತ್ರ ತುಂಬಾ ಹುಷಾರಾಗಿ ಮಾಡಿದೆ, ಡಾಕ್."

೪. ಡಬ್ಬಿ

ಆಮೇಲೆ ಅವನು ಒಂದು ವರ್ಷ ಪ್ರಯತ್ನಪಟ್ಟ. ಓಟ ಮೊದಲಿನಂತಾಗಲಿಲ್ಲ, ಇಪ್ಪತ್ತಾರಕ್ಕೇ ಆಟ ಮುಗಿಯಿತು. ಹ್ಯೂಸ್ಟನ್ ಕಡೆ ಶಾಲೆಯೊಂದರಲ್ಲಿ ಕೋಚ್ ಆದ. ಅಷ್ಟರಲ್ಲಿ ನಾವೂ ಅಲ್ಲೇ ಹತ್ತಿರದ ಮಿಸೌರಿ ಸಿಟಿಗೆ ಶಿಫ್ಟ್ ಆಗಿದ್ದೆವು. ಒಂದು ಭಾನುವಾರ ಊಟಕ್ಕೆ ಕರೆದೆ. ಬಿಸಿಬೇಳೆಬಾತ್ ಮುಗಿದ ಮೇಲೆ, ಆ ಶುಕ್ರವಾರದ ಸಂಗತಿಯನ್ನು ಬಣ್ಣದ ಬಾಗಿಲಿನ ಸಮೇತ ಒಪ್ಪಿಕೊಂಡೆ.

ಅವನು ನೀರಿನ ಲೋಟ ಕೈಗೆತ್ತಿಕೊಂಡ. "ಬಿದ್ದ ದಿನ ಇಡೀ ಸ್ಟೇಡಿಯಂ ಹಿಂದಿನಿಂದ ನನ್ನ ಹೆಸರು ಕೂಗ್ತಿತ್ತು. ನಾನು ನಿಲ್ಲಲಿಲ್ಲ. ನೀವು ಕೂಗಿದ್ರೆ..." ಲೋಟ ತಿರುಗಿಸಿದ. "ನಿಲ್ತಿದ್ದೆ ಅನ್ಸತ್ತೆ."

ಆಮೇಲೆ ಎದ್ದು, ಬರ್ತೀನಿ ಎಂದು ಹೇಳಿ ಹೊರಟ.

"ರೀ, ಅವರಿಗೆ ಕಟ್ಟಿದ ಡಬ್ಬಿ ಇಲ್ಲೇ ಉಳೀತು!" ಎಂದಳು ಹೆಂಡತಿ. ಅವನು ಮೂರು ಮೆಟ್ಟಿಲು ಇಳಿದಾಗಿತ್ತು. ಜನ್ಮದಲ್ಲಿ ಮೊದಲ ಸಲ ಹೊರಟವನನ್ನು ಹಿಂದಿನಿಂದ, ಹೆಸರು ಹಿಡಿದು ಕೂಗಿದೆ.

ನಿಂತ.

"ಅಯ್ಯೋ, ಕರೆದೇಬಿಟ್ರಲ್ಲ! ಒಳಗೆ ಬಂದು ಕೂತು ನೀರು ಕುಡಿದೇ ಹೋಗಲಿ" ಎಂದಳು ಇವಳು. ದೋಷಕ್ಕೆ ನಮ್ಮಲ್ಲಿ ಪರಿಹಾರ ಅದು. ಅವನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದ, ಕೂತ, ಕುಡಿದ.

"ಹಿಂದಿನಿಂದ ಯಾಕೆ ಕರೀಬಾರದು ಅಂತ ಈಗ ಗೊತ್ತಾಯ್ತು, ಡಾಕ್. ಮೆಟ್ಟಿಲು."

ನಗುತ್ತಾ ಹೊರಟ. ಈ ಗಲಾಟೆಯಲ್ಲಿ ಡಬ್ಬಿ ಮತ್ತೆ ಮೇಜಿನ ಮೇಲೇ!

ಆ ಮೆಟ್ಟಿಲನ್ನು ಅವನಿಂದ ಇನ್ನೊಮ್ಮೆ ಹತ್ತಿಸಲು ಮನಸ್ಸು ಬರಲಿಲ್ಲ. ಡಬ್ಬಿ ಹಿಡಿದು ಹಿಂಬಾಗಿಲಿನಿಂದ ಓಡಿ, ಮನೆ ಸುತ್ತಿ, ಕಾರಿನ ಹತ್ತಿರ ಅವನ ಎದುರಿಗೆ ನುಗ್ಗಿದೆ. ಅವನ ಭುಜ ಎಡಕ್ಕೆ ವಾಲಿತು. ಕಾಲು ಮಾತ್ರ ಇದ್ದಲ್ಲೇ ಇತ್ತು. ನಾನು ಡಬ್ಬಿಯ ಸಮೇತ ಅವನ ಎದೆಗೆ ಡಿಕ್ಕಿ ಹೊಡೆದೆ.

ಅವನು ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಡಬ್ಬಿಯನ್ನೂ ಹಿಡಿದುಕೊಂಡ.

"ಕೊನೆಗೂ ಹಿಡಿದುಬಿಟ್ರಲ್ಲ, ಡಾಕ್."