ಎತ್ತಲಾಗದ ಕಂಪ್ಯೂಟರ್

ನಮ್ಮ ಮನೆಯಲ್ಲಿ ಒಂದು ವಸ್ತುವನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು, ಅದನ್ನು ಬಳಸಬೇಕಾದ ಒಬ್ಬರನ್ನು ಬಿಟ್ಟು ಉಳಿದೆಲ್ಲರೂ ಸೇರಿ ನಿರ್ಧರಿಸುತ್ತಾರೆ. ಮಿಕ್ಸರ್ ಬಂದದ್ದು ಹೀಗೆಯೇ. ಅದು ಅಡುಗೆಮನೆಯ ಕಟ್ಟೆ ಏರಿದ ಮೇಲೆ ಅವ್ವನಿಗೆ ಸುದ್ದಿ ತಲುಪಿತು. ನನ್ನ ಕಂಪ್ಯೂಟರಿನ ವಿಷಯದಲ್ಲಿ ನಡೆದುದನ್ನು ಕ್ರಮವಾಗಿ ಬರೆದಿಡುತ್ತೇನೆ. ನಗುವವರು ನಗಬಹುದು. ನಾನು ಆಗ ನಗಲಿಲ್ಲ.

ನಾನು ವಾಸ್ತುಶಿಲ್ಪದ ಪದವೀಧರೆ. ಮನೆ ಖಾನಾಪುರದಲ್ಲಿ, ನೌಕರಿ ಬೆಳಗಾವಿಯ ಟಿಳಕವಾಡಿಯಲ್ಲಿ. ಅಲ್ಲಿನ ಕಚೇರಿಯಲ್ಲಿ ಎರಡು ವರ್ಷಗಳಿಂದ ಬೇರೆಯವರು ರೂಪಿಸಿದ ಕಟ್ಟಡಗಳಿಗೆ ಶೌಚಾಲಯದ ಅಳತೆ ಹಾಕುತ್ತಿದ್ದೇನೆ. ಈ ವರ್ಷ ಮೊದಲ ಬಾರಿಗೆ ನನ್ನ ಸ್ವಂತ ಹೆಸರಿಗೆ ಒಂದು ಕೆಲಸ ಬರುವಂತಿತ್ತು. ನಮ್ಮೂರಿನ ಒಬ್ಬ ಯಜಮಾನರು ಮದುವೆಗಳಿಗಾಗಿ ಮಂಗಲ ಕಾರ್ಯಾಲಯ ಕಟ್ಟಿಸುವವರಿದ್ದರು. ಕಟ್ಟಡದೊಳಗೆ ನಡೆದಾಡಿದಂತೆ ತೋರಿಸುವ ಮೂರು ನಿಮಿಷದ ಚಲಿಸುವ ಚಿತ್ರವನ್ನು ಸಿದ್ಧಪಡಿಸಲು ನನಗೂ ಬೆಳಗಾವಿಯ ಇನ್ನೊಬ್ಬರಿಗೂ ಮೂರು ತಿಂಗಳ ಅವಧಿ ಕೊಟ್ಟರು. ಯಾರ ಚಿತ್ರ ಮನಸ್ಸಿಗೆ ಬರುವುದೋ ಅವರಿಗೆ ಕೆಲಸ. ಕಾರ್ಯಾಲಯ ನನ್ನ ತಲೆಯಲ್ಲಿ ಆಗಲೇ ಕಟ್ಟಿ ಮುಗಿದಿತ್ತು. ಅದನ್ನು ಹೊರತೆಗೆಯುವ ಶಕ್ತಿ ನನ್ನ ಲ್ಯಾಪ್‌ಟಾಪಿಗೆ ಇರಲಿಲ್ಲ.

೧. ಹೆಪ್ಪು

ಕಾಲೇಜಿನಲ್ಲಿದ್ದಾಗ ಕೊಂಡ ಆ ಲ್ಯಾಪ್‌ಟಾಪು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಕ್ಷೆ ತಿದ್ದುವುದಕ್ಕೆ ಸಾಕಾಗುತ್ತಿತ್ತು. ನಕ್ಷೆಯಿಂದ ಚಲಿಸುವ ಚಿತ್ರ ತೆಗೆಯಲು ಹಚ್ಚಿದರೆ ಇಪ್ಪತ್ತು ನಿಮಿಷಗಳಲ್ಲಿ ಕಾದು, ಒಳಗಿನ ಫ್ಯಾನು ಕೂಗಿ, ತಾನೇ ಆರಿಹೋಗುತ್ತಿತ್ತು. ಕೆಳಗೆ ಗಾಳಿಯಾಡಲೆಂದು ಅವ್ವ ಹಪ್ಪಳ ಸುಡುವ ಜಾಳಿಯನ್ನು ತಂದಿಟ್ಟಳು. ಆ ದಿನ ಅದು ನಲವತ್ತು ನಿಮಿಷ ತಡೆಯಿತು. ಅವ್ವನ ತಾಂತ್ರಿಕ ಬುದ್ಧಿಯ ಬಗ್ಗೆ ನನಗೆ ಗೌರವ ಮೂಡಿತು.

ಮರುದಿನ, ಬಿಸಿಗಾಳಿ ಹೊರಬೀಳುವ ಬದಿಗೆ ಮುಚ್ಚಳ ಹಾಕಿದ ಒಂದು ಪಾತೇಲಿ ಕುಳಿತಿತ್ತು.

"ಏನವ್ವಾ ಇದು?"

"ಹಾಲಿಗೆ ಹೆಪ್ಪು ಹಾಕೇನಿ. ಆಷಾಢದ ಥಂಡ್ಯಾಗ ಒಳಗ ಮೊಸರ ಆಗವಲ್ದು."

"ಇದು ನನ್ನ ಕೆಲಸದ ಮಷೀನ್."

"ನಿನ್ನ ಕೆಲಸ ನೀ ಮಾಡ. ಅದರ ಬಿಸಿ ಹೆಂಗೂ ಹಾಳಾಗಿ ಹೊಂಟೈತಿ."

ಸಂಜೆಯ ಹೊತ್ತಿಗೆ ನನ್ನ ಚಿತ್ರ ಮೂರನೆಯ ಸಲವೂ ಅರ್ಧಕ್ಕೆ ನಿಂತಿತ್ತು. ಮೊಸರು ಮಾತ್ರ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗಿತ್ತು.

೨. ಸದ್ಯ

ಲ್ಯಾಪ್‌ಟಾಪಿನ ಜೊತೆಗೆ ಒಂದು ಬಲವಾದ ಡೆಸ್ಕ್‌ಟಾಪ್ ಕೊಳ್ಳಬೇಕೆಂದು ಅಪ್ಪನಿಗೆ ಹೇಳಿದೆ. ಹಣ ನನ್ನದು. ಆದರೂ ಅಪ್ಪ ಬೆಳಗಾವಿಯ ಅಂಗಡಿಗೆ ಜೊತೆಗೆ ಬಂದರು. ಅವರು ಹಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಹಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಸಪ್ಪಳ ಕೇಳಿ, ಸೀಳು ಇದೆಯೋ ಇಲ್ಲವೋ ಹೇಳಬಲ್ಲವರು. ಅಂಗಡಿಯಲ್ಲಿ ಕಂಪ್ಯೂಟರಿನ ಪೆಟ್ಟಿಗೆಯನ್ನೂ ಹಾಗೆಯೇ ತಟ್ಟಿ, "ಗಟ್ಟಿ ಐತಿ" ಎಂದರು.

"ಯಾರ ಸಲುವಾಗಿ ರೀ ಸಾಹೇಬ್ರ?" ಎಂದು ಅಂಗಡಿಯವರು ಅಪ್ಪನನ್ನು ಕೇಳಿದರು.

"ಸದ್ಯ ನಮ್ಮ ಮಗಳ ಸಲುವಾಗಿ."

'ಸದ್ಯ' ಎಂಬುದನ್ನು ಕೇಳಿದ ಕೂಡಲೇ ಅವರು ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿದರು. "ಮದವಿ ಆಗೇತೇನ್ರಿ?"

"ನೋಡಾಕತ್ತೇವ್ರಿ."

"ಹಂಗಾರ ಇದ್ಯಾಕ್ರಿ? ಇನ್ನೊಂದು ಲ್ಯಾಪ್‌ಟಾಪೇ ತಗೋರಿ. ಗಂಡನ ಮನಿಗೆ ಹೋಗೂ ಮುಂದ ಬ್ಯಾಗಿನ್ಯಾಗ ಹಾಕ್ಕೊಂಡ ಹೋಗತಾರ. ಇದನ್ನ ಹೆಂಗ ಒಯ್ಯತಾರ?"

ನಾನು ನಡುವೆ ಬಂದು, ಚಿತ್ರ ತೆಗೆಯಲು ಯಾವ ಬಗೆಯ ಗ್ರಾಫಿಕ್ಸ್ ಕಾರ್ಡು ಬೇಕು, ಎಷ್ಟು ಮೆಮೊರಿ ಬೇಕು, ಲ್ಯಾಪ್‌ಟಾಪಿನಲ್ಲಿ ಬಿಸಿ ಏಕೆ ಹೊರಹೋಗುವುದಿಲ್ಲ ಎಂಬುದನ್ನು ವಿವರಿಸಿದೆ. ಅವರು ಪೂರ್ತಿ ಕೇಳಿ ಅಪ್ಪನ ಕಡೆ ತಿರುಗಿದರು. "ಮಗಳು ಭಾಳ ಶ್ಯಾಣೆ ಅದಾಳ್ರಿ."

ಅಂದು ಏನನ್ನೂ ಕೊಳ್ಳಲಿಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಅವರು ನನಗೊಂದು ಲ್ಯಾಪ್‌ಟಾಪ್ ಚೀಲವನ್ನು ಪುಕ್ಕಟೆ ಕೊಟ್ಟರು. "ಇರ್ಲಿ ತಗೋಳವಾ. ಹೋಗೂ ಮುಂದ ಬೇಕಾಗತೈತಿ."

೩. ಹಂಡೆ

ಮುಂದಿನ ಸಲಹೆಗಾಗಿ ಬೆಳಗಾವಿಯ ಸದಾಶಿವನಗರದಿಂದ ಅಪ್ಪನ ತಮ್ಮ, ನಮ್ಮ ಕಾಕಾನನ್ನು ಕರೆಸಲಾಯಿತು. "ಈಗ ಬ್ಯಾಡ, ಶ್ರಾವಣದಾಗ ರೇಟ್ ಇಳೀತೈತಿ" ಎಂದರು. ಶ್ರಾವಣದಲ್ಲಿ ಬಂದು, "ಗಣಪತಿ ಹಬ್ಬ ಮುಗೀಲಿ" ಎಂದರು. ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ, "ದಸರಾ ಆಫರ್ ನೋಡೂಣು" ಎಂದರು. ಕಾಕಾನ ಮನೆಯಲ್ಲಿ ಇಂದಿಗೂ ಫ್ರಿಜ್ ಇಲ್ಲ. ಹನ್ನೊಂದು ವರ್ಷಗಳಿಂದ ಅವರು ಅದರ ಬೆಲೆ ಇಳಿಯಲೆಂದು ಕಾಯುತ್ತಿದ್ದಾರೆ.

ಆ ಮೂರನೆಯ ಸಭೆಯಲ್ಲಿ ಅವರು ಹೊಸ ಆಕ್ಷೇಪ ತೆಗೆದರು. "ನಾಳೆ ಇಕಿ ಮದವಿ ಆಗಿ ಹೋದ್ಲಂದ್ರ ಅದನ್ನ ಎತ್ತಾವ್ರು ಯಾರು?"

ಅಲ್ಲಿಯವರೆಗೆ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅಜ್ಜಿ ತಲೆ ಎತ್ತಿದಳು. "ಎಷ್ಟ ಭಾರ ಐತಿ ಅದು?"

"ಹದಿನೈದು ಕೆಜಿ" ಎಂದೆ.

"ನಾ ಈ ಮನಿಗೆ ಬರೂ ಮುಂದ ತಾಮ್ರದ ಹಂಡೆ ತಂದೇನಿ. ಇಬ್ಬರು ಹೊತ್ತಕೊಂಡ ಬಂದ್ರು. ಯಾರೂ ಸತ್ತಿಲ್ಲ."

"ಹಂಡೆ ಬ್ಯಾರೆ, ಇದು ಬ್ಯಾರೆ ಅವ್ವಾ" ಎಂದರು ಕಾಕಾ.

"ಖರೇ ಐತಿ. ಆ ಹಂಡೇದ ನೀರಾಗ ನೀವೆಲ್ಲಾ ಜಳಕಾ ಮಾಡಿ ದೊಡ್ಡವರಾದ್ರಿ. ಇದರಾಗ ಇಕಿ ಒಬ್ಬಾಕಿ ಏನರ ಮಾಡಕೊಳ್ಳಲಿ ಬಿಡ್ರಿ."

ಹಂಡೆ ಗೆದ್ದಿತು. ಕಂಪ್ಯೂಟರ್ ಬರುವುದು ನಿಶ್ಚಯವಾಯಿತು. ಅಷ್ಟರಲ್ಲಿ ಹನ್ನೆರಡು ವಾರಗಳಲ್ಲಿ ಹತ್ತು ಕಳೆದಿದ್ದವು. ಅಜ್ಜಿ ಮಾತನಾಡಿದ್ದು ನನ್ನ ಪರವಾಗಿಯೋ, ಅಥವಾ ನನ್ನನ್ನು ಸಾಗಿಸುವ ವ್ಯವಸ್ಥೆಯ ಪರವಾಗಿಯೋ ಎಂಬುದು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ.

೪. ಊರಿನ ಆಸ್ತಿ

ಸರಿಯಾದ ಪ್ಲಗ್ಗು ಇದ್ದದ್ದು ಪಡಸಾಲೆಯಲ್ಲಿ ಮಾತ್ರ. ಆದ್ದರಿಂದ ಕಂಪ್ಯೂಟರು ಬೀದಿಬಾಗಿಲಿಗೆ ಎದುರಾಗಿ ಕುಳಿತಿತು. ಪೆಟ್ಟಿಗೆಯ ಒಂದು ಬದಿ ಗಾಜಿನದು. ಒಳಗೆ ಕೆಂಪು, ನೀಲಿ, ಹಸಿರು ದೀಪಗಳು. ದೀಪಗಳನ್ನು ನಾನು ಕೇಳಿರಲಿಲ್ಲ. ಅಂಗಡಿಯಲ್ಲಿ ದೀಪವಿಲ್ಲದ ಪೆಟ್ಟಿಗೆ ಇರಲಿಲ್ಲ. ಮೂರನೆಯ ದಿನ ಪಕ್ಕದ ಓಣಿಯ ಹಿರಿಯರೊಬ್ಬರು ಬಂದು ಕುಳಿತರು.

"ತಂಗಿ, ನಮ್ಮ ಹೊಲದ ಪಹಣಿ ತಗದ ಕೊಡು."

"ಅಜ್ಜಾರ, ಇದು ಅದಕ್ಕಲ್ಲ. ನಾ ಕಟ್ಟಡದ ಚಿತ್ರ ತಗೀತೇನಿ."

"ತಗಿ, ಬ್ಯಾಡ ಅನ್ನಾಂಗಿಲ್ಲ. ಪಹಣಿ ತಗದ ಮ್ಯಾಲ ತಗಿ."

ಅವರ ಹಿಂದೆ ರೇಷನ್ ಕಾರ್ಡಿನವರು ಬಂದರು, ಜಾತಿ ಪ್ರಮಾಣಪತ್ರದವರು ಬಂದರು. ಶನಿವಾರದಂದು ಬೆಳಗ್ಗೆ ಚಿತ್ರ ತೆಗೆಯಲು ಹಚ್ಚಬೇಕೆಂದಿದ್ದೆ. ಸಂಜೆಯವರೆಗೆ ಅರ್ಜಿ ತುಂಬಿದೆ. ಕೊನೆಗೆ ಸಹನೆ ಮೀರಿ ಆ ಹಿರಿಯರನ್ನು ಕೇಳಿದೆ: "ಐದು ವರ್ಷದಿಂದ ಈ ಮನ್ಯಾಗ ಲ್ಯಾಪ್‌ಟಾಪ್ ಐತಿ. ಅವಾಗ ಯಾರೂ ಯಾಕ ಬರಲಿಲ್ಲ?"

ಅವರು ನನ್ನ ಅಜ್ಞಾನಕ್ಕೆ ಮರುಗಿದರು. "ಅದು ಸಣ್ಣದವಾ, ನಿನ್ನ ಸ್ವಂತದ್ದು. ಇದು ದೊಡ್ಡದು. ದೊಡ್ಡದು ಊರ ಮಂದೀದು."

೫. ಮನೆದೇವರು

ಚಿತ್ರವನ್ನು ಸೋಮವಾರ ಹತ್ತು ಗಂಟೆಗೆ ಯಜಮಾನರಿಗೆ ಒಪ್ಪಿಸಬೇಕಿತ್ತು. ಭಾನುವಾರ ಬೆಳಗ್ಗೆ ಆರಕ್ಕೆ ಯಂತ್ರವನ್ನು ಹಚ್ಚಿದೆ. ಹನ್ನೊಂದು ಗಂಟೆಗಳ ಕೆಲಸ. ತಡವಾಗಿದ್ದರಿಂದ, ಚಿತ್ರವನ್ನು ತುಣುಕುಗಳಾಗಿ ಉಳಿಸುತ್ತ ಹೋಗುವ ಎಚ್ಚರಿಕೆಯ ಕ್ರಮವನ್ನು ಬಿಟ್ಟು, ಒಂದೇ ಓಟದಲ್ಲಿ ಮುಗಿಯುವಂತೆ ಇಟ್ಟಿದ್ದೆ. ಎಂಟಕ್ಕೆ ಅವ್ವ ಬಂದು, ಬೆಳಗಾವಿಯ ಖಾಸಬಾಗದಿಂದ ಹುಡುಗನ ಕಡೆಯವರು ಹನ್ನೊಂದಕ್ಕೆ ನನ್ನನ್ನು ನೋಡಲು ಬರುವರೆಂದು ತಿಳಿಸಿದಳು. ಎಲ್ಲರಿಗೂ ವಾರದಿಂದ ಗೊತ್ತಿತ್ತು. ಮಿಕ್ಸರಿನ ಕ್ರಮವೇ ಇಲ್ಲಿಯೂ ಅನ್ವಯವಾಗಿತ್ತು.

"ಆ ಲೈಟಿನ ಪೆಟಿಗಿ ಬಂದ್ ಮಾಡ" ಎಂದಳು.

"ಬಂದ್ ಮಾಡಿದ್ರ ಎಲ್ಲಾ ಹೋಗತೈತವ್ವಾ."

"ಹಂಗಾರ ಇರ್ಲಿ. ಕಾಣಬಾರದು ಅಷ್ಟ."

ಹನ್ನೊಂದಕ್ಕೆ ಇನ್ನೇನು ಐದು ನಿಮಿಷವಿರುವಾಗ ತನ್ನ ಇಳಕಲ್ ಸೀರೆಯನ್ನು ತಂದು ಪೆಟ್ಟಿಗೆಯನ್ನೂ ಪರದೆಯನ್ನೂ ಸೇರಿಸಿ ನೆಲದವರೆಗೆ ಹೊದಿಸಿದಳು. ಜಾರಬಾರದೆಂದು ಮೇಲೊಂದು ಹಿತ್ತಾಳೆಯ ತಂಬಿಗೆ, ಅದರಲ್ಲಿ ಚೆಂಡುಹೂ. ನಂತರ ನನ್ನತ್ತ ತಿರುಗಿ, "ಹಿಂಗ ಇಟ್ರ ಏನೂ ಆಗಾಂಗಿಲ್ಲಲಾ?" ಎಂದು ಕೇಳಿದಳು. ಕೇಳಿದ್ದಳು ಎಂಬುದನ್ನು ಇಲ್ಲಿ ದಾಖಲಿಸಬೇಕು. ಅದೇ ಕ್ಷಣಕ್ಕೆ ಹೊರಗೆ ಗಾಡಿ ನಿಂತ ಸಪ್ಪಳವಾಯಿತು. 'ಗಾಳಿ ಬೇಕು' ಎಂಬ ಎರಡು ಶಬ್ದಗಳನ್ನು ಹೇಳಬೇಕಾಗಿದ್ದ ನಾನು, ಸೀರೆ ಉಡಲು ಒಳಗೆ ಓಡಿದೆ.

ನಾನು ಒಳಬಾಗಿಲ ಸಂದಿಯಿಂದ ನೋಡುತ್ತಿದ್ದಂತೆ ಹುಡುಗನ ತಾಯಿ ಒಳಬಂದರು. ಸೀರೆಯುಟ್ಟು, ತಲೆಯ ಮೇಲೆ ಹೂ ಹೊತ್ತು, ಒಳಗಿನಿಂದ ಬಣ್ಣಬಣ್ಣವಾಗಿ ಹೊಳೆಯುತ್ತ, ಸಣ್ಣಗೆ ಗುಂಯ್‌ಗುಡುತ್ತಿದ್ದ ಆಕೃತಿಯನ್ನು ಕಂಡು ನಿಂತರು.

"ಯಾವ ದೇವ್ರಿ ಇದು?"

ಜೀವನದಲ್ಲಿ ಸುಳ್ಳು ಹೇಳದ ಅವ್ವ, "ಮನಿದೇವ್ರು ರೀ" ಎಂದಳು. ಅಜ್ಜಿಗೆ ಕೆಮ್ಮು ಬಂತು.

ಅವರು ಕೈಮುಗಿದರು. ಹುಡುಗನ ತಂದೆಯೂ ಮುಗಿದರು. ಹುಡುಗ ಫ್ಯಾನಿನ ಸಪ್ಪಳವನ್ನು ಗುರುತಿಸಿದ್ದು ಅವನ ಮುಖದಲ್ಲಿಯೇ ಕಾಣುತ್ತಿತ್ತು; ತಾಯಿ ನೋಡುತ್ತಿದ್ದುದರಿಂದ ಅವನೂ ಮುಗಿದ.

ಹಿರಿಯರ ಮಾತು ಒಂದು ತಾಸು ನಡೆದ ಮೇಲೆ ನನ್ನನ್ನು ಕರೆದರು; ನಾನು ಚಹಾದ ತಾಟು ಹಿಡಿದು ಬಂದು ನಿಂತೆ. ಗುಂಯ್‌ಗುಡುವ ಸಪ್ಪಳ ಏರಿತು, ಇನ್ನಷ್ಟು ಏರಿತು, ದೀರ್ಘವಾದ ಒಂದು ನಿಟ್ಟುಸಿರಿನೊಡನೆ ನಿಂತಿತು. ದೀಪಗಳು ಆರಿದವು. ಆಗ ಹನ್ನೆರಡೂ ಹತ್ತು.

ಹುಡುಗನ ತಾಯಿ ಕಣ್ಣಿಗೆ ಕೈ ಒತ್ತಿಕೊಂಡರು. "ಹುಡುಗಿ ಬಂದ ನಿಂತಳು, ದೇವ್ರು ಶಾಂತ ಆತ್ರಿ."

೬. ಎಲ್ಲಿ ಹೋಗತಾನ

ಅವರು ಊಟಕ್ಕೆ ಕೈ ತೊಳೆಯಲು ಎದ್ದಾಗ ನಾನು ಸೀರೆಯ ಅಂಚನ್ನು ಎತ್ತಿದೆ. ಗಾಜು ಮುಟ್ಟಲಾಗದಷ್ಟು ಕಾದಿತ್ತು. ಚಿತ್ರ ಇರಲಿಲ್ಲ. ಹಿಂದೆ ಬಂದು ಬಗ್ಗಿ ನೋಡಿದ ಹುಡುಗ ಮೆಲ್ಲಗೆ, "ಯಾವ ಕಾರ್ಡ್ ಹಾಕೀರಿ?" ಎಂದ. ಅವನು ನನ್ನನ್ನು ಕೇಳಿದ ಏಕೈಕ ಪ್ರಶ್ನೆ ಅದು.

ಸಂಜೆ ಮತ್ತೆ ಹಚ್ಚಲು ಹೋದರೆ ಯಂತ್ರ ಏಳಲಿಲ್ಲ. ಒಳಗೆ ಯಾವುದೋ ಭಾಗ ಸುಟ್ಟಿತ್ತು. ಸೋಮವಾರ ಲ್ಯಾಪ್‌ಟಾಪನ್ನು ಆ ಪುಕ್ಕಟೆ ಚೀಲದಲ್ಲಿ ಹಾಕಿಕೊಂಡು ಹೋಗಿ, ಚಲಿಸದ ಚಿತ್ರಗಳನ್ನು ತೋರಿಸಿದೆ. ಯಜಮಾನರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. "ನಿಂದೂ ಚೊಲೊ ಐತಿ ತಂಗಿ. ಆದರ ಅವರದರಾಗ ನಾ ಒಳಗ ಅಡ್ಡಾಡಿ ಬಂದೇನಿ. ನಿಂದರಾಗ ಬಾಗಲದಾಗ ನಿಂತೇನಿ."

ಕೆಲಸ ಬೆಳಗಾವಿಯ ಆ ಇನ್ನೊಬ್ಬರಿಗೆ ಹೋಯಿತು. ಅವರ ನಕ್ಷೆಯಲ್ಲಿ ಅಡುಗೆಮನೆಯ ಹೊಗೆ ನೇರವಾಗಿ ಊಟದ ಪಂಕ್ತಿಯ ಮೇಲೆ ಬರುತ್ತದೆ. ಚಿತ್ರದಲ್ಲಿ ಹೊಗೆ ಕಾಣುವುದಿಲ್ಲ. ನಾನು ಸೀರೆಯನ್ನು ದೂರುವುದಿಲ್ಲ, ಹತ್ತು ವಾರಗಳನ್ನೂ ದೂರುವುದಿಲ್ಲ. ಅವ್ವ ಕೇಳಿದಾಗ ಹೇಳದೇ ಹೋದ ಆ ಎರಡು ಶಬ್ದಗಳನ್ನು ಈಗಲೂ ದಿನಕ್ಕೊಮ್ಮೆ ಬಾಯೊಳಗೇ ಹೇಳಿಕೊಳ್ಳುತ್ತೇನೆ.

ಬುಧವಾರ ಹುಡುಗನ ತಂದೆಯ ಫೋನು ಬಂತು. ಎಲ್ಲರಿಗೂ ಕೇಳಲೆಂದು ಅಪ್ಪ ಸ್ಪೀಕರ್ ಹಾಕಿದರು.

"ಹುಡುಗಿ ವಿಚಾರ ಇನ್ನೂ ಮನ್ಯಾಗ ಮಾತಾಡಾಕತ್ತೇವ್ರಿ. ಸ್ವಲ್ಪ ಟೈಮ್ ಬೇಕು."

"ಆಗಲ್ರಿ."

"ಇನ್ನೊಂದು ಕೇಳೂದಿತ್ತು. ಆ ಸೀರಿ ಒಳಗ ಇದ್ದದ್ದು ಭಾಳ ಚೊಲೊ ಕಂಪ್ಯೂಟರ್ ಅಂತ ನಮ್ಮ ಹುಡುಗ ಹೇಳಿದ. ಅಂವಗೂ ಅಂಥಾದ್ದ ಬೇಕಂತ. ಎಲ್ಲಿ ತಗೊಂಡ್ರಿ?"

ಅಪ್ಪ ಅಂಗಡಿಯ ವಿಳಾಸ ಹೇಳಿದರು. ಆಮೇಲೆ, ತಾವು ಆ ಅಂಗಡಿಯಲ್ಲಿ ಕಲಿತ ಪಾಠವನ್ನು ಒಳ್ಳೆಯ ಮನಸ್ಸಿನಿಂದಲೇ ಅವರಿಗೂ ದಾಟಿಸಿದರು. "ಆದರ ರೀ, ಹುಡುಗಂದು ಮದವಿ ಆಗೂದೈತಿ. ಲ್ಯಾಪ್‌ಟಾಪೇ ಚೊಲೊ ಅಲ್ಲೇನ್ರಿ? ಹೋಗೂ ಮುಂದ ಒಯ್ಯಾಕ ಹಗರ ಆಗತೈತಿ."

ಆ ಕಡೆಯಿಂದ ಹುಡುಗನ ತಂದೆ ಕೇಳಿದರು:

"ಅಂವ ಎಲ್ಲಿ ಹೋಗತಾನ್ರಿ?"